ಪಕ್ಕದ ಕುರ್ಚಿಗೆ ಕೊಟ್ಟ ಸುದ್ದಿ

ಸ್ನೊಕ್ವಾಲ್ಮಿ ರಿಜ್

ಸಿಯಾಟಲ್‌ಗೆ ಹೋಗಿ ಬಂದವರನ್ನು ಊರಿನಲ್ಲಿ ಎಲ್ಲರೂ ಕೇಳುವುದು ಅಲ್ಲಿನ ಗೋಪುರದ ಬಗ್ಗೆ, ಜಲಪಾತದ ಬಗ್ಗೆ. ಎರಡನ್ನೂ ನೋಡಿದೆ, ಎರಡೂ ಚೆನ್ನಾಗಿವೆ. ಇಲ್ಲಿ ಬರೆಯುತ್ತಿರುವುದು ಒಂದು ಶನಿವಾರ ಮಧ್ಯಾಹ್ನ ನೋಡಿದ ಫುಟ್‌ಬಾಲ್ ಪಂದ್ಯದ ವಿಷಯ. ಆ ಪಂದ್ಯದ ವರದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬಂದಿದ್ದರೆ ಅದರಲ್ಲಿ ನನ್ನ ಹೆಸರು ಇರಬೇಕಾಗುತ್ತಿತ್ತು, ಬರೆದವನ ಹೆಸರಾಗಿ ಅಲ್ಲ.

ಅನ್ಸರ್ ನನ್ನ ಜೊತೆ ಮೈಸೂರಿನಲ್ಲಿ ಓದಿದವನು. ಕಾಲೇಜು ಫುಟ್‌ಬಾಲ್ ತಂಡದಲ್ಲಿ ಇಬ್ಬರೂ ಇದ್ದೆವು. ಅವನು ಆಡುತ್ತಿದ್ದ, ನಾನು ಹೆಚ್ಚಾಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಆಮೇಲೆ ಅವನು ಇಂಜಿನಿಯರ್ ಆದ, ನಾನು ಪತ್ರಿಕೆಯೊಂದರ ಕ್ರೀಡಾ ವಿಭಾಗ ಸೇರಿದೆ. ಈಗ ಅವನ ಆಫೀಸು ಫ್ರೀಮಾಂಟ್‌ನಲ್ಲಿ, ಮನೆ ಸ್ನೊಕ್ವಾಲ್ಮಿ ರಿಜ್‌ನಲ್ಲಿ, ಬೆಟ್ಟದ ಬುಡದಲ್ಲಿ. ಹೆಂಡತಿ ಶಬಾನಾ ಊರಿಗೆ ಹೋಗಿದ್ದರು. ಮನೆಯಲ್ಲಿ ಅವನು, ಕಾಲೇಜಿನಲ್ಲಿ ಓದುವ ಮಗಳು ರಿಫಾ, ಮತ್ತು ಅತಿಥಿಯಾಗಿ ನಾನು.

ರಿಫಾ ಅಲ್ಲಿನ ಊರ ಮಹಿಳಾ ತಂಡದ ಗೋಲ್‌ಕೀಪರ್. ಟಿ.ವಿ.ಯಲ್ಲಿ ಬರುವಂಥ ಲೀಗ್ ಅಲ್ಲ ಅದು. ಆಡುವವರಿಗೆ ಸಂಬಳವಿಲ್ಲ, ನೋಡುವವರಲ್ಲಿ ಮುಕ್ಕಾಲು ಪಾಲು ಆಡುವವರ ಮನೆಯವರು. ನಮ್ಮೂರಿನ ಕೆಳಹಂತದ ಡಿವಿಷನ್ ಪಂದ್ಯಗಳ ಹಾಗೆ. ತಂಡದ ಹಳೆಯ ಗೋಲ್‌ಕೀಪರ್ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿದ್ದರಿಂದ ಆ ಜಾಗ ಖಾಲಿಯಾಗಿತ್ತು. ಅದಕ್ಕೆ ಇಬ್ಬರು: ರಿಫಾ, ಮತ್ತು ಅವಳ ಗೆಳತಿ ಟೆಸ್ಸಾ. ಸಿಯಾಟಲ್ ಪಕ್ಕದ ಊರಾದ ಬಾಥೆಲ್ ವಿರುದ್ಧದ ಪಂದ್ಯಕ್ಕೆ ಕೋಚ್ ರಿಫಾಳನ್ನು ಆರಿಸಿದ್ದರು. ಇದರಲ್ಲಿ ಚೆನ್ನಾಗಿ ಆಡಿದರೆ ಇಡೀ ಸೀಸನ್ ಆ ಜಾಗ ಅವಳದು.

ಶನಿವಾರ ಬೆಳಿಗ್ಗೆ ತಿಂಡಿಗೆ ಕೂತಾಗ ರಿಫಾ ಎಡಗೈ ಹೆಬ್ಬೆರಳನ್ನು ಐಸ್ ತುಂಬಿದ ಲೋಟದಲ್ಲಿ ಅದ್ದಿಕೊಂಡಿದ್ದಳು.

"ಗುರುವಾರ ಪ್ರಾಕ್ಟೀಸಲ್ಲಿ ಬಾಲ್ ಬಡಿದು ಹಿಂದಕ್ಕೆ ಬಗ್ಗಿಬಿಡ್ತು ಕಣೋ," ಎಂದ ಅನ್ಸರ್. "ಕೋಚ್‌ಗೆ ಗೊತ್ತು, ಟೆಸ್ಸಾಗೆ ಗೊತ್ತು, ನಮಗೆ ಗೊತ್ತು. ಇನ್ ಯಾರಿಗೂ ಗೊತ್ತಿಲ್ಲ. ಗ್ಲವ್ ಹಾಕಿದ್ರೆ ಕಾಣಲ್ಲ."

"ಈಗ ಅಂಕಲ್‌ಗೂ ಗೊತ್ತು," ಎಂದಳು ರಿಫಾ, ಇಂಗ್ಲಿಷಿನಲ್ಲಿ.

"ಅವನು ಪೇಪರ್‌ನವನಮ್ಮ. ಎಂಥೆಂಥ ಸುದ್ದಿ ಹೊಟ್ಟೇಲಿಟ್ಟುಕೊಂಡು ಓಡಾಡ್ತಿದಾನೋ. ನಿನ್ನ ಬೆರಳು ಅವನಿಗೆ ಯಾವ ಲೆಕ್ಕ?"

ನಾನು ನಕ್ಕೆ. ಹೌದು ಎಂಬಂತೆ ತಲೆಯನ್ನೂ ಆಡಿಸಿದೆ.

ದಾರಿಯಲ್ಲಿ ಟೆಸ್ಸಾಳನ್ನು ಹತ್ತಿಸಿಕೊಂಡೆವು. ಎತ್ತರದ, ಕೆಂಪು ಮುಖದ ಹುಡುಗಿ. ಹಿಂದಿನ ಸೀಟಿನಲ್ಲಿ ಕೂತು ರಿಫಾಳ ಹೆಬ್ಬೆರಳಿಗೆ ಬಿಳಿ ಟೇಪು ಸುತ್ತತೊಡಗಿದಳು.

"ಬಿಗಿಯಾಯ್ತಾ?"

"ಇನ್ನೂ ಬಿಗಿ ಮಾಡು."

"ಇನ್ನೂ ಬಿಗಿ ಮಾಡಿದರೆ ಬೆರಳು ಉದುರಿ ಬೀಳುತ್ತೆ. ಆಗ ನಾನೇ ಆಡಬೇಕಾಗುತ್ತೆ."

"ಅದೇ ನಿನ್ನ ಪ್ಲಾನು, ಗೊತ್ತು ನನಗೆ," ಎಂದಳು ರಿಫಾ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಒಂದೇ ಜಾಗಕ್ಕೆ ಇಬ್ಬರು ಕಾದಿರುವಾಗ ಇಷ್ಟು ನಿರಾಳವಾಗಿ ನಗುವುದನ್ನು ನಾನು ನಮ್ಮ ಕಡೆ ನೋಡಿಲ್ಲ.

ಹೊಸ ಮೈದಾನ

ಮೈದಾನ ನದಿಯ ಪಕ್ಕದ ಬಯಲಿನಲ್ಲಿತ್ತು. ಕಟ್ಟಿ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ಒಂದು ಕಡೆ ಮರದ ಮೆಟ್ಟಿಲುಗಳ ಗ್ಯಾಲರಿ, ಉಳಿದ ಮೂರು ಕಡೆ ಹಗ್ಗ. ಗೋಲಿನ ಹಿಂದೆ ಕಡುಹಸಿರು ಮರಗಳ ಸಾಲು, ಅದರ ಹಿಂದೆ ಅರ್ಧ ಮೋಡದೊಳಗಿದ್ದ ಬೆಟ್ಟ.

ಆಟ ಶುರುವಾಗುವ ಮೊದಲು ನಾಲ್ಕೈದು ಜನ ಸಲಿಕೆ, ಬಕೆಟ್ಟು ಹಿಡಿದು ಹುಲ್ಲಿನ ಮೇಲೆ ಓಡಾಡುತ್ತಿದ್ದರು. ರಾತ್ರಿ ಕಾಡಿನಿಂದ ಕಡವೆಗಳಂಥ ದೊಡ್ಡ ಜಿಂಕೆಗಳು ಹಿಂಡಾಗಿ ಬಂದು ಹುಲ್ಲು ಮೇದು, ಹಿಕ್ಕೆ ಹಾಕಿ ಹೋಗುತ್ತವಂತೆ. ಅದನ್ನು ಎತ್ತಿ ಗೊರಸಿನ ಗುಂಡಿಗಳಿಗೆ ಮಣ್ಣು ತುಂಬಬೇಕು. ಸಲಿಕೆ ಹಿಡಿದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರ್ ಎಂದು ಅನ್ಸರ್ ತೋರಿಸಿದ. ಮೈಸೂರಿನ ಮೈದಾನಗಳಲ್ಲಿ ಹಸು ಮೇಯುತ್ತವೆ. ಸಗಣಿ ಎತ್ತಲು ಬರುವ ಡಾಕ್ಟರನ್ನು ನಾನು ಕಂಡಿಲ್ಲ.

ಗೇಟಿನಲ್ಲಿದ್ದ ಹಿರಿಯರಿಗೆ ಅಭ್ಯಾಸಬಲದಿಂದ ನನ್ನ ಪತ್ರಿಕೆಯ ಗುರುತಿನ ಚೀಟಿ ತೋರಿಸಿದೆ. ಟಿಕೆಟ್ಟಿಗೆ ದುಡ್ಡಿರಲಿಲ್ಲವೆಂದಲ್ಲ. ಇಷ್ಟು ವರ್ಷ ಯಾವ ಮೈದಾನಕ್ಕೂ ಟಿಕೆಟ್ ಕೊಂಡು ಹೋಗಿ ಗೊತ್ತಿಲ್ಲ, ಕೈ ತಾನಾಗಿ ಜೇಬಿಗೆ ಹೋಯಿತು. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಇಂಡಿಯಾದಿಂದ? ನಮ್ಮ ಪಂದ್ಯಕ್ಕೆ?"

ಪಂದ್ಯಕ್ಕೆಂದೇ ಬಂದವನಲ್ಲ ಎನ್ನಬೇಕಿತ್ತು. "ಹೌದು" ಎಂದೆ. ಅವರು ನನ್ನ ಜೊತೆ ಫೋಟೊ ತೆಗೆಸಿಕೊಂಡು, ಗ್ಯಾಲರಿಯ ಮೇಲಿನ ಸಾಲು ತೋರಿಸಿದರು. ಅಲ್ಲಿ ಎರಡು ಮಡಿಸುವ ಕುರ್ಚಿಗಳಿಗೆ ಪತ್ರಿಕೆಯವರಿಗೆ ಎಂದು ಬರೆದ ಕಾಗದ ಅಂಟಿಸಿದ್ದರು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಧ್ವನಿವರ್ಧಕ ಕರಕರ ಎಂದಿತು: ಇವತ್ತು ನಮ್ಮ ನಡುವೆ ಇಂಡಿಯಾದಿಂದ ಬಂದ ಪತ್ರಕರ್ತರಿದ್ದಾರೆ, ಚಪ್ಪಾಳೆ. ಜನ ಚಪ್ಪಾಳೆ ತಟ್ಟಿದರು. ನಾನು ಕೈಯೆತ್ತಿದೆ. ಮೆಟ್ಟಿಲುಗಳ ಮಧ್ಯದ ಕಂಬಿಗೆ ಒರಗಿ ಪ್ಯಾಂಟಿಗೆ ಹಸಿ ಬಣ್ಣ ಮೆತ್ತಿಕೊಂಡದ್ದು ಆಮೇಲೆ ತಿಳಿಯಿತು. ಹಿಂದಿನಿಂದ ಒಬ್ಬ ಅಜ್ಜಿ, "ಚಿಂತೆ ಬೇಡ, ನಮ್ಮ ತಂಡದ ಬಣ್ಣವೇ ಅದು," ಎಂದರು.

ಮೇಲಿನ ಸಾಲು

ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಆಗಲೇ ಒಬ್ಬರು ಹೆಂಗಸು ಕೂತಿದ್ದರು. ವಯಸ್ಸು ಐವತ್ತರ ಆಸುಪಾಸು, ಬೂದು ಬಣ್ಣದ ಮಳೆಕೋಟು, ಕತ್ತಿನಲ್ಲಿ ದುರ್ಬೀನು, ಕಿವಿಯಲ್ಲಿ ಇಯರ್‌ಫೋನು. ನಾನು ಕೂತಾಗ ಚೀಲ ಸರಿಸಿ ಜಾಗ ಮಾಡಿಕೊಟ್ಟರು.

"ಇಂಡಿಯಾದವರು ನೀವೇನಾ? ಸ್ವಾಗತ," ಎಂದರು.

ನಮ್ಮಲ್ಲಿ ಪತ್ರಕರ್ತರ ಸಾಲಿನಲ್ಲಿ ಒಂದು ರೂಢಿಯಿದೆ. ಪತ್ರಿಕೆಗಳ ನಡುವೆ ಎಷ್ಟೇ ಪೈಪೋಟಿಯಿರಲಿ, ಪಂದ್ಯದ ವಿವರಗಳನ್ನು ಪಕ್ಕದವರ ಜೊತೆ ಹಂಚಿಕೊಳ್ಳುತ್ತೇವೆ. ನೀನು ಒಂದು ಕೊಟ್ಟರೆ ನಾನು ಒಂದು ಕೊಡುತ್ತೇನೆ. ತಡವಾಗಿ ಬಂದವನಿಗೆ ಮೊದಲ ಗೋಲು ಹೇಗಾಯಿತೆಂದು ಹೇಳುವುದು, ಯಾರಿಗೆ ಗಾಯವಾಗಿದೆ, ಯಾರು ಕ್ಯಾಪ್ಟನ್ ಜೊತೆ ಮಾತು ಬಿಟ್ಟಿದ್ದಾರೆ ಎಂದು ಕಿವಿಯಲ್ಲಿ ಊದುವುದು. ಹೊಸಬನಾದರೆ ಮೊದಲು ತಾನು ಕೊಡಬೇಕು. ನಾನು ಅಲ್ಲಿ ಹೊಸಬ.

ಆಟ ಶುರುವಾಯಿತು. ಬಾಥೆಲ್‌ನಿಂದ ಬಂದಿದ್ದ ಗುಂಪು ಒಂದು ಮೂಲೆಯಲ್ಲಿ ಡ್ರಮ್ ಬಾರಿಸುತ್ತ, "ಜಿಂಕೆ ಮೇಯಿಸಲು ಹೋಗಿ!" ಎಂದು ರಾಗವಾಗಿ ಕೂಗಿತು. ಇತ್ತಲಿನವರು, "ನೀವು ವಾಪಸ್ ಹೋಗಿ ಟ್ರಾಫಿಕ್‌ನಲ್ಲಿ ಕೂರಿ!" ಎಂದು ತಿರುಗಿಸಿದರು. ಬೈಗುಳ ಅಲ್ಲಿಗೇ ಮುಗಿಯಿತು. ತಮ್ಮ ಹುಡುಗಿಯರು ಪಾಸು ತಪ್ಪಿದರೆ, "ಐಡಿಯಾ ಚೆನ್ನಾಗಿತ್ತು!" ಎಂದು ತಾಯಂದಿರು ಕೂಗುತ್ತಿದ್ದರು. ನಮ್ಮಲ್ಲಿ ಪಾಸು ತಪ್ಪಿದವನ ಐಡಿಯಾ ಯಾರೂ ಕೇಳುವುದಿಲ್ಲ, ಅವನ ವಂಶ ಕೇಳುತ್ತಾರೆ.

ರಿಫಾ ಮೊದಲಲ್ಲೇ ಮೇಲೆ ಬಂದ ಎರಡು ಚೆಂಡುಗಳನ್ನು ಹಾರಿ ಹಿಡಿದಳು.

"ಚೆನ್ನಾಗಿದ್ದಾಳೆ ನಿಮ್ಮ ಗೋಲ್‌ಕೀಪರ್," ಎಂದರು ಪಕ್ಕದವರು.

ಅಷ್ಟೇ ಅವರು ಅಂದದ್ದು. ಕೇಳಲಿಲ್ಲ, ಕೆದಕಲಿಲ್ಲ. ನಾನೇ ಶುರು ಮಾಡಿದೆ. ಹುಡುಗಿ ನನ್ನ ಗೆಳೆಯನ ಮಗಳು. ಈ ಪಂದ್ಯದ ಮೇಲೆ ಅವಳ ಜಾಗ ನಿಂತಿದೆ. ಇಷ್ಟು ಹೇಳಿದ ಮೇಲೆ ಒಳಗಿನವನು ಎಂಬ ಹೆಮ್ಮೆ ಬಂತು. ಸ್ವಲ್ಪ ಬಾಗಿ, ದನಿ ತಗ್ಗಿಸಿ ಹೇಳಿದೆ: "ಎಡಗೈ ಹೆಬ್ಬೆರಳು ಗುರುವಾರ ಮುರಿಯುವಷ್ಟು ಬಗ್ಗಿದೆ. ಗ್ಲವ್ ಒಳಗೆ ಟೇಪು ಸುತ್ತಿ ಆಡ್ತಿದ್ದಾಳೆ. ನೋಡಿ, ಹಾಗೆ ಅನ್ನಿಸುತ್ತಾ?"

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಇಲ್ಲ. ಅನ್ನಿಸಲ್ಲ," ಎಂದರು. ಆಮೇಲೆ ತಾವೂ ಒಂದು ಕೊಟ್ಟರು: ಬಾಥೆಲ್‌ನ ಒಂಬತ್ತನೇ ನಂಬರಿನ ಆಟಗಾರ್ತಿ ನರ್ಸ್, ಡ್ಯೂಟಿ ಮುಗಿಸಿ ನೇರ ಮೈದಾನಕ್ಕೆ ಬಂದಿದ್ದಾಳೆ. ಕೊಟ್ಟು ತೆಗೆದುಕೊಳ್ಳುವುದು ಸರಿಯಾಗಿ ನಡೆಯಿತೆಂದು ನನಗೆ ತೃಪ್ತಿಯಾಯಿತು. ನರ್ಸ್ ಎನ್ನುವುದು ಗೇಟಿನಲ್ಲಿ ಹಂಚಿದ ಹಾಳೆಯಲ್ಲೇ ಅಚ್ಚಾಗಿತ್ತು. ನಾನು ಅದನ್ನು ಓದಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬಾಥೆಲ್‌ನವರ ಆಟ ಬದಲಾಯಿತು. ಅದುವರೆಗೆ ಚೆಂಡನ್ನು ಎತ್ತಿ ಗೋಲಿನ ಮುಂದೆ ಹಾಕುತ್ತಿದ್ದವರು ದೂರದಿಂದಲೇ ನೆಲಮಟ್ಟಕ್ಕೆ ಹೊಡೆಯತೊಡಗಿದರು. ಒಂದು ಹೊಡೆತ ರಿಫಾಳ ಎಡಕ್ಕೆ ಹೋಯಿತು, ಅವಳು ಕಾಲಿನಲ್ಲಿ ತಡೆದಳು. ಮತ್ತೊಂದೂ ಎಡಕ್ಕೆ, ಹೊರಗೆ ಹೋಯಿತು. ಇದನ್ನು ಗಮನಿಸುವುದೇ ನನ್ನ ಕಸುಬು. ಬದಲಾವಣೆ ಎಲ್ಲಿಂದ ಬಂತು, ಯಾಕೆ ಬಂತು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. ಅವರ ಕೋಚ್ ಏನೋ ಗ್ರಹಿಸಿದ್ದಾರೆ ಎಂಬಲ್ಲಿಗೆ ಬಂದೆ. ಏನನ್ನು, ಯಾರಿಂದ ಎಂಬಲ್ಲಿ ವಾಕ್ಯ ನಿಂತಿತು.

ಪಕ್ಕಕ್ಕೆ ತಿರುಗಿದೆ. ಅವರು ಇಯರ್‌ಫೋನಿನ ಮೈಕಿನ ವೈರನ್ನು ತುಟಿಯ ಹತ್ತಿರ ಹಿಡಿದು ಮೆಲ್ಲಗೆ ಮಾತಾಡುತ್ತಿದ್ದರು. ಎದುರುಗಡೆ ಬಾಥೆಲ್‌ನ ಬೆಂಚಿನಲ್ಲಿ ಕಿವಿಗೆ ಕೈಯಿಟ್ಟುಕೊಂಡಿದ್ದ ಒಬ್ಬಾತ ತಲೆಯಾಡಿಸಿದ.

"ನೀವು ಯಾವ ಪತ್ರಿಕೆ?" ಎಂದು ಕೇಳಿದೆ. ಕೂತ ಕೂಡಲೇ ಕೇಳಬೇಕಾಗಿದ್ದ ಪ್ರಶ್ನೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನೇ ಹೇಳಿಕೊಡುವ ಪ್ರಶ್ನೆ: ಮಾತಾಡುತ್ತಿರುವವರು ಯಾರು?

"ಪತ್ರಿಕೆನಾ?" ಅವರು ದುರ್ಬೀನು ಕೆಳಗಿಳಿಸಿದರು. "ನಾನು ಬಾಥೆಲ್‌ನ ಅಸಿಸ್ಟೆಂಟ್ ಕೋಚ್. ಇಲ್ಲಿಂದ ಇಡೀ ಮೈದಾನ ಕಾಣುತ್ತೆ, ಕುರ್ಚಿ ಖಾಲಿಯಿತ್ತು." ತಡೆದು, "ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ. ಯಾಕೆ ಹೇಳ್ತಿದ್ದಾರೆ ಇವರು ಅಂತ ಆಶ್ಚರ್ಯವೂ ಆಯ್ತು," ಎಂದರು. ಅವರ ದನಿಯಲ್ಲಿ ಗೆದ್ದ ಭಾವ ಇರಲಿಲ್ಲ. "ಸಾರಿ. ಕೇಳಿಸಿಕೊಂಡದ್ದನ್ನು ಕೇಳಿಲ್ಲ ಅಂದುಕೊಳ್ಳಲು ಆಗಲ್ಲ."

ಅದು ನಿಜ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಅರ್ಧ ವಿರಾಮ

ವಿರಾಮದ ಸೀಟಿ ಊದಿದಾಗ ಯಾರಿಗೂ ಗೋಲಾಗಿರಲಿಲ್ಲ. ಇದನ್ನು ಸ್ಪಷ್ಟವಾಗಿ ದಾಖಲಿಸಬೇಕು. ಆ ಹೊತ್ತಿಗೆ ಏನೂ ಕೆಟ್ಟಿರಲಿಲ್ಲ.

ಕೆಳಗಿಳಿದು ಬಂದೆ. ಆಟಗಾರ್ತಿಯರ ತಂದೆತಾಯಂದಿರು ನಡೆಸುವ ತಿಂಡಿಯ ಮೇಜಿನ ಹಿಂದೆ ಅನ್ಸರ್ ಸಮೋಸ ಹಂಚುತ್ತಿದ್ದ. ಮುಂದೆ ದೊಡ್ಡ ಸಾಲು.

"ಹೆಂಗಾಡ್ತಿದಾಳೋ ನಮ್ ಹುಡುಗಿ? ಇಲ್ಲಿಂದ ಏನೂ ಕಾಣ್ತಿಲ್ಲ. ಬರೀ ಚಪ್ಪಾಳೆ ಕೇಳಿಸ್ಕೊಂಡು ಲೆಕ್ಕ ಹಾಕ್ತಿದೀನಿ."

"ಚೆನ್ನಾಗಿ ಆಡ್ತಿದಾಳೆ."

"ಬೆರಳು?"

"ಗೊತ್ತೇ ಆಗಲ್ಲ."

"ಅಲ್ಹಮ್ದುಲಿಲ್ಲಾ. ತಗೋ, ಇದು ಬಿಸಿ ಇದೆ. ಪ್ಯಾಂಟ್ ಏನಾಯ್ತೋ ಇದು?"

ಸಮೋಸ ಹಿಡಿದು ನಿಂತೆ. ಹಗ್ಗದಾಚೆ ನಮ್ಮ ಹುಡುಗಿಯರು ಹುಲ್ಲಿನ ಮೇಲೆ ವೃತ್ತವಾಗಿ ಕೂತಿದ್ದರು. ಕೋಚ್ ಡಯಾನ್, ಕುಳ್ಳಗೆ ಗಟ್ಟಿಯಾದ ಹೆಂಗಸು, ಮಂಡಿಯೂರಿ ಮಾತಾಡುತ್ತಿದ್ದರು. ಹಗ್ಗ ಎತ್ತಿ ನಾಲ್ಕು ಹೆಜ್ಜೆ ಹೋಗಿ, ಬಾಥೆಲ್‌ನವರಿಗೆ ಬೆರಳಿನ ವಿಷಯ ಗೊತ್ತಾಗಿದೆ, ನನ್ನಿಂದ, ಎಂದಿದ್ದರೆ ಸಾಕಿತ್ತು. ಎಡಗಡೆ ಒಬ್ಬಳನ್ನು ಹೆಚ್ಚಿಗೆ ನಿಲ್ಲಿಸುತ್ತಿದ್ದರು, ಇಲ್ಲವೇ ಆಗಲೇ ಗೋಲ್‌ಕೀಪರನ್ನು ಬದಲಿಸುತ್ತಿದ್ದರು. ವರದಿಗಾರ ಗೆರೆ ದಾಟಿ ಆಟಗಾರರ ಹತ್ತಿರ ಹೋಗಬಾರದು ಎಂಬ ನಿಯಮವನ್ನು ನೆನಪು ಮಾಡಿಕೊಂಡೆ. ಸುಳ್ಳು ಕಾರಣ. ನಿಜವಾದ ಕಾರಣ, ಸ್ವಲ್ಪ ಹೊತ್ತಿನ ಮುಂಚೆ ಚಪ್ಪಾಳೆ ತಟ್ಟಿದ ಅಷ್ಟು ಜನರ ಎದುರು ಅದನ್ನು ಹೇಳಲು ನನಗೆ ಮುಖವಿರಲಿಲ್ಲ. ಸಮೋಸ ತಿಂದೆ.

ಎಡಗಡೆಯ ಕಂಬ

ಮೇಲಿನ ಸಾಲಿಗೆ ವಾಪಸ್ ಹೋಗಲಿಲ್ಲ. ರಿಫಾಳ ಗೋಲಿನ ಹಿಂದೆ, ಹಗ್ಗದ ಪಕ್ಕ ನಿಂತೆ. ಅಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಪ್ರತಿ ಸಲ ಚೆಂಡು ದೂರ ಹೋದಾಗ ಎಡಗೈಯನ್ನು ಒಮ್ಮೆ ಕೊಡವಿಕೊಳ್ಳುತ್ತಿದ್ದಳು.

ಗೋಲು ಹೊಡೆದದ್ದು ನರ್ಸ್. ದೂರದಿಂದ, ನೆಲಮಟ್ಟಕ್ಕೆ, ಎಡಕ್ಕೆ. ರಿಫಾ ಸರಿಯಾದ ಹೊತ್ತಿಗೇ ಹಾರಿದಳು. ಕೈಯೂ ಚೆಂಡಿಗೆ ತಾಗಿತು. ತಾಗಿದ ಕೈ ಹಿಂದಕ್ಕೆ ಮಡಚಿಕೊಂಡಿತು, ಚೆಂಡು ಕಂಬಕ್ಕೆ ತಗುಲಿ ಒಳಗೆ ಹೋಯಿತು. ಅವಳು ಹುಲ್ಲಿನ ಮೇಲೆ ಮುಖ ಒತ್ತಿ ಮಲಗಿದ್ದಳು. ಅವಳ ಬಾಯಿಂದ ಬಂದ ಸದ್ದು ನನಗೆ ಕೇಳಿಸಿತು, ಗ್ಯಾಲರಿಗೆ ಕೇಳಿಸಿರಲಾರದು.

ಕೋಚ್ ಅವಳನ್ನು ಹೊರಕ್ಕೆ ಕರೆದು ಟೆಸ್ಸಾಳನ್ನು ಕಳಿಸಿದರು. ಟೆಸ್ಸಾ ಎರಡು ಒಳ್ಳೆಯ ಹೊಡೆತಗಳನ್ನು ತಡೆದಳು. ಕೊನೆಗೆ ನಮ್ಮವರು ಒಂದು ಗೋಲು ಹೊಡೆದು ಪಂದ್ಯ ಸಮ ಮಾಡಿದರು. ಗ್ಯಾಲರಿ ಎದ್ದು ಕುಣಿಯಿತು. ಹಲ್ಲಿನ ಡಾಕ್ಟರು ಟೆಸ್ಸಾಳನ್ನು ಎತ್ತಿಕೊಂಡರು.

ಪಂದ್ಯ ಮುಗಿದ ಮೇಲೆ ಆಡಿದವರೇ ಬಲೆ ಬಿಚ್ಚಿ ಮಡಿಸಿ, ಬಾವುಟ ಕಿತ್ತು ಒಳಗಿಡುವುದು ಅಲ್ಲಿಯ ಪದ್ಧತಿ. ರಿಫಾ ಆ ಕೆಲಸಕ್ಕೆ ನಿಲ್ಲಲಿಲ್ಲ. ಕೈಗೆ ಐಸ್ ಕಟ್ಟಿಕೊಂಡು ನೇರ ಕಾರಿಗೆ ಬಂದಳು. ಟೆಸ್ಸಾ ದೂರದಿಂದ ಏನೋ ಕೂಗಿದಳು. ರಿಫಾ ತಿರುಗಲಿಲ್ಲ. "ನಡೀರಿ ಅಬ್ಬು," ಎಂದು ಅಪ್ಪನಿಗೆ ಹೇಳಿದಳು.

"ಟೆಸ್ಸಾ?" ಎಂದ ಅನ್ಸರ್.

"ಅವಳಿಗೆ ಬೇರೆ ಯಾರಾದ್ರೂ ಸಿಕ್ತಾರೆ."

ಹೋದ ದಾರಿಯಲ್ಲೇ ವಾಪಸ್

ಮುಖ್ಯರಸ್ತೆಗೆ ಬಂದ ಮೇಲೆ ರಿಫಾ ಇಂಗ್ಲಿಷಿನಲ್ಲಿ, ಅಳದೆ, ಒಂದೊಂದೇ ಮಾತು ಜೋಡಿಸಿ ಹೇಳಿದಳು: "ಅವರಿಗೆ ಗೊತ್ತಿತ್ತು. ಮೊದಲು ಗೊತ್ತಿರಲಿಲ್ಲ, ಆಟದ ಮಧ್ಯೆ ಗೊತ್ತಾಯ್ತು. ಟೆಸ್ಸಾ ಬೆಂಚಿನಲ್ಲಿದ್ದಳು. ಬಾಥೆಲ್‌ನಲ್ಲಿ ಅವಳಿಗೆ ಫ್ರೆಂಡ್ಸ್ ಇದ್ದಾರೆ. ಫೋನ್ ಕೈಯಲ್ಲಿತ್ತು."

"ಛೆ, ಹಂಗೆಲ್ಲ ಅನ್ಬೇಡ," ಎಂದ ಅನ್ಸರ್.

"ಬೆರಳಿಗೆ ಟೇಪು ಸುತ್ತಿದ್ದೇ ಅವಳು, ಅಬ್ಬು. ಇನ್ಯಾರು? ಕೋಚಾ? ನೀವಾ?"

ನನ್ನ ಹೆಸರನ್ನು ಅವಳು ಸೇರಿಸಲೂ ಇಲ್ಲ. ಅನುಮಾನ ಪಡಲೂ ನಾನು ಲೆಕ್ಕಕ್ಕಿರಲಿಲ್ಲ.

"ನಾನು," ಎಂದೆ.

ಅನ್ಸರ್ ರಸ್ತೆಯ ಮೇಲಿದ್ದ ಕಣ್ಣು ತೆಗೆಯದೆ, "ಏನು ನೀನು?" ಎಂದ.

ಹೇಳಿದೆ. ಕುರ್ಚಿ, ಹೆಂಗಸು, ನಮ್ಮ ರೂಢಿ, ನಾನು ಆಡಿದ ಮಾತು. ಅನ್ಸರ್ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಬೈಯುತ್ತಾನೆಂದು ಕಾದೆ. ಅವನು ನನ್ನ ತೊಡೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡೋ. ನಿನಗೇನು ಗೊತ್ತಿತ್ತು? ನಮ್ ಮನೆಗೆ ಬಂದೋನು ನೀನು," ಎಂದ. ಬೈದಿದ್ದರೆ ಚೆನ್ನಾಗಿತ್ತು.

"ಯಾವಾಗ ಗೊತ್ತಾಯ್ತು ನಿಮಗೆ, ಅವರು ಕೋಚ್ ಅಂತ?" ಎಂದು ಹಿಂದಿನಿಂದ ರಿಫಾ ಕೇಳಿದಳು.

"ಹಾಫ್ ಟೈಮಿಗೆ ಮುಂಚೆ."

"ಮುಂಚೆ," ಎಂದಳು. ಅನ್ಸರ್‌ನ ಕೈ ನನ್ನ ತೊಡೆಯಿಂದ ಮೆಲ್ಲಗೆ ಸ್ಟಿಯರಿಂಗಿಗೆ ಹೋಯಿತು. ಬೆರಳಿನ ಬಗ್ಗೆ ಅವನು ಕೇಳಿದಾಗ ನಾನು ಕೊಟ್ಟ ಉತ್ತರ ಅವನಿಗೂ ಆಗ ನೆನಪಾಗಿರಬೇಕು.

"ವಾಪಸ್ ತಿರುಗಿಸಿ ಅಬ್ಬು," ಎಂದಳು ರಿಫಾ. "ಅಂಕಲ್, ಕೋಚ್‌ಗೆ ನೀವೇ ಹೇಳಬೇಕು."

ಮೈದಾನದಲ್ಲಿ ಜನ ಕರಗಿದ್ದರು. ಕೋಚ್ ಡಯಾನ್ ಒಬ್ಬರೇ ಗೋಲಿನ ಹತ್ತಿರ ಬಲೆ ಸುತ್ತುತ್ತಿದ್ದರು. ಅಪ್ಪ, ಮಗಳು ಕಾರಿನಲ್ಲೇ ಉಳಿದರು. ನಾನು ಹುಲ್ಲು ದಾಟಿ ಹೋಗಿ ನನ್ನ ಪರಿಚಯ ಹೇಳಿಕೊಂಡೆ.

"ಗೊತ್ತು," ಎಂದರು. "ಇಂಡಿಯಾದ ಪತ್ರಕರ್ತರು."

ನಾನು ವರದಿ ಒಪ್ಪಿಸಿದೆ. ಕ್ರಮವಾಗಿ, ಏನೂ ಬಿಡದೆ. ಬಿಟ್ಟರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ ಎಂದು ಎಲ್ಲವನ್ನೂ ಹೇಳಿದೆ. ಆ ಗೋಲನ್ನು ರಿಫಾಳ ಲೆಕ್ಕಕ್ಕೆ ಹಾಕಬೇಡಿ ಎಂದು ಕೇಳಿಕೊಂಡೆ. ಸಂಗತಿಯ ಗಾಂಭೀರ್ಯ ತಿಳಿಯಲೆಂದು ಇದನ್ನೂ ಸೇರಿಸಿದೆ: "ಅವಳು ಪಾಪ, ಟೆಸ್ಸಾಳೇ ಬಾಥೆಲ್‌ನವರಿಗೆ ಹೇಳಿದಳು ಅಂದುಕೊಂಡಿದ್ದಳು."

ಕೋಚ್‌ನ ಕಣ್ಣು ನನ್ನ ಹೆಗಲಾಚೆ ಹೋಯಿತು. ಮೂಲೆಯ ಬಾವುಟಗಳನ್ನು ಕಂಕುಳಲ್ಲಿ ಹಿಡಿದು ಟೆಸ್ಸಾ ನಿಂತಿದ್ದಳು.

"ಅದಕ್ಕಾ ನನ್ನನ್ನ ಬಿಟ್ಟು ಹೋಗಿದ್ದು?" ಎಂದಳು. "ಕೈ ನೋವಿತ್ತು, ಅದಕ್ಕೇ ಅರ್ಜೆಂಟಾಗಿ ಹೋದಳು ಅಂದುಕೊಂಡೆ." ಬಾವುಟಗಳನ್ನು ಒಂದೊಂದಾಗಿ ಹುಲ್ಲಿನ ಮೇಲಿಟ್ಟಳು. "ನಾನು ಹೇಳಿದೆ ಅಂದುಕೊಂಡಳಾ? ನಾನಾ?"

ಕೋಚ್ ಬಲೆಯನ್ನು ಚೀಲಕ್ಕೆ ತುಂಬಿ ಜಿಪ್ ಎಳೆದರು.

"ಬೆರಳು ವಾಸಿಯಾಗೋವರೆಗೆ ಟೆಸ್ಸಾ ಆಡ್ತಾಳೆ," ಎಂದರು. "ನೀವು ಹೇಳಿದ್ದರಿಂದ ಅದು ಬದಲಾಗಲ್ಲ. ನೋವಿರೋ ಹುಡುಗೀನ ಆಟಕ್ಕೆ ಇಳಿಸಿದ್ದು ನಾನು, ಅದು ನನ್ನ ತಪ್ಪು. ಆಮೇಲಿನದು ಆಮೇಲೆ ನೋಡೋಣ." ಟೆಸ್ಸಾಳ ಕಡೆ ತಿರುಗಿ, "ಅವರ ಜೊತೆ ಹೋಗ್ತೀಯಾ, ನಾನು ಮನೆಗೆ ಬಿಡಲಾ?" ಎಂದರು.

ಟೆಸ್ಸಾ ಸ್ವಲ್ಪ ಯೋಚಿಸಿ ಚೀಲ ಹೆಗಲಿಗೇರಿಸಿ ಕಾರಿನತ್ತ ನಡೆದಳು. ಹಿಂದಿನ ಬಾಗಿಲಿನ ಹತ್ತಿರ ಒಂದು ಗಳಿಗೆ ನಿಂತು, ಮುಂದಿನ ಬಾಗಿಲು ತೆಗೆದು ಅನ್ಸರ್ ಪಕ್ಕ ಕೂತಳು. ನಾನು ಹಿಂದೆ, ರಿಫಾಳ ಪಕ್ಕ ಕೂರಬೇಕಾಯಿತು. ಅನ್ಸರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಗಾಡಿ ಸ್ಟಾರ್ಟ್ ಮಾಡಿದ. ಟೆಸ್ಸಾ ಹಿಂದಕ್ಕೆ ತಿರುಗಲಿಲ್ಲ. ಅವಳ ಕೆಂಪು ಕತ್ತನ್ನು ರಿಫಾ ಬಹಳ ಹೊತ್ತು ನೋಡುತ್ತಿದ್ದಳು. ಐಸ್ ಕರಗಿ ಅವಳ ಮೊಣಕೈವರೆಗೆ ನೀರು ಇಳಿಯುತ್ತಿತ್ತು.

ಆಮೇಲೆ ನನ್ನ ಕಡೆ ಬಾಗಿ, ಮುಂದಿನವರಿಗೆ ಕೇಳಿಸದ ಹಾಗೆ ಕೇಳಿದಳು.

"ಏನೇನು ಹೇಳಿದ್ರಿ, ಅಂಕಲ್?"

"ಎಲ್ಲಾ," ಎಂದೆ.